ಮಾಮಾ ರಿಸೀವರಿಗೆ ಕನ್ಯಾ ನೋಡಿದ್ದು

ನಮ್ಮ ಮಾಮಾ ಜೀವಮಾನದಲ್ಲಿ ಎರಡು ಸಲ ಕನ್ಯಾ ನೋಡಲು ಹೊರಟಿದ್ದಾನೆ. ಮೊದಲನೆಯದು ತನಗಾಗಿ, ಹದಿನೈದು ನಿಮಿಷದಲ್ಲಿ ಮುಗಿಯಿತು. ಎರಡನೆಯದು ಒಂದು ಹೋಮ್ ಥಿಯೇಟರ್ ರಿಸೀವರಿಗಾಗಿ. ಹದಿನಾಲ್ಕು ತಿಂಗಳು ನಡೆಯಿತು! ನಾನು ಉತ್ಪ್ರೇಕ್ಷೆ ಮಾಡುವವಳಲ್ಲ. ಮಾಡಿದರೂ ತಿಂಗಳ ಲೆಕ್ಕದಲ್ಲಿ ಒಂದೆರಡು ಹೆಚ್ಚುಕಡಿಮೆ ಆಗಿರಬಹುದು, ಅಷ್ಟೇ.

ಆ ಮೊದಲ ಹದಿನೈದು ನಿಮಿಷಗಳನ್ನು ನೆನೆದು ನಮ್ಮ ಮನೆತನದವರು ಇಂದಿಗೂ ನಗುತ್ತಾರೆ. ಮಾಮಾ ಸೇಡಂನಲ್ಲಿ ಹುಡುಗಿ ನೋಡಿ, ಉಪ್ಪಿಟ್ಟು ತಿಂದು, "ನನಗ ಪಸಂದ್ ಅದ" ಎಂದು ಅಲ್ಲೇ ಹೇಳಿ ಮನೆಗೆ ಬಂದನಂತೆ. ನಮ್ಮಜ್ಜಿ ಬಾಗಿಲಲ್ಲೇ ಹಿಡಿದು ಕೇಳಿದಳು: "ಹುಡಿಗಿ ಮಾರಿ ಹೆಂಗದನೋ?"

"ಮಾರಿ ನೋಡ್ಲಿಲ್ಲವ್ವಾ" ಅಂದ ಮಾಮಾ!

ಹಾಗಾದರೆ ಹದಿನೈದು ನಿಮಿಷ ಏನು ನೋಡಿದ? ಗೋಡೆಯ ಮೇಲಿನ ಕ್ಯಾಲೆಂಡರನ್ನೇ? ಉಪ್ಪಿಟ್ಟಿನೊಳಗಿನ ಶೇಂಗಾ ಕಾಳನ್ನೇ? ನಾವು ಮಕ್ಕಳಾಗಿದ್ದಾಗಿನಿಂದ ಕೇಳುತ್ತಲೇ ಬಂದೆವು, ಅವನು ಒಂದು ದಿನವೂ ಉತ್ತರ ಕೊಡಲಿಲ್ಲ. ಹಾಗೆ ಮುಖ ನೋಡದೆ ಒಪ್ಪಿಕೊಂಡು ಬಂದ ಹುಡುಗಿಯೇ ನಮ್ಮ ಮಾಮಿ.

ಮಾಮಾ ನಮ್ಮ ಅವ್ವನ ತಮ್ಮ. ವಾಡಿಯ ರೈಲ್ವೆ ಯಾರ್ಡಿನಲ್ಲಿ ಮೂವತ್ತು ವರ್ಷ ಗಾಡಿಗಳ ಡಬ್ಬಿಗೆ ಡಬ್ಬಿ ಜೋಡಿಸುವ ಕೆಲಸ ಮಾಡಿ ನಿವೃತ್ತನಾದವನು. ಕೆಲಸ ಬಿಟ್ಟರೂ ಜೋಡಿಸುವ ಚಟ ಬಿಡಲಿಲ್ಲ. ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ಜೋಡಿ ಇದೆ, ಅದು ಕೂಡುತ್ತದೋ ಇಲ್ಲವೋ ಎನ್ನುವುದನ್ನು ಎರಡನ್ನೂ ಒಂದೇ ಕಡೆ ಇಟ್ಟು ಕಣ್ಣಾರೆ ನೋಡಬೇಕು ಎಂಬುದು ಅವನ ಸಿದ್ಧಾಂತ. ಒಮ್ಮೆ ಬಾಗಿಲಿಗೆ ಹೊಸ ಚಿಲಕ ಬೇಕಾಯಿತು. ಅಳತೆ ಬರೆದುಕೊಂಡು ಹೋದನೇ? ಇಲ್ಲ. ಬಾಗಿಲನ್ನೇ ಕಳಚಿ, ಸೈಕಲ್ಲಿಗೆ ಕಟ್ಟಿಕೊಂಡು ಬಜಾರಿಗೆ ಹೋದ! ಅವನು ತಿರುಗಿ ಬರುವ ಹೊತ್ತಿಗೆ ಎರಡು ಮೇಕೆಗಳು ನಡುಮನೆಯಲ್ಲಿ ಮಲಗಿದ್ದವು.

ಇಂಥವನ ಕೈಗೆ ಒಂದು ರಿಸೀವರ್ ಸಿಕ್ಕಿತು. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಕಾಲನಿಯಿಂದ ವರ್ಗವಾಗಿ ಹೊರಟಿದ್ದ ಒಬ್ಬ ಪರಿಚಯದ ಸಾಹೇಬರು ಸಾಮಾನು ಹಗುರ ಮಾಡಿಕೊಳ್ಳುತ್ತ ಅದನ್ನೂ, ಅದರ ಆರು ಸ್ಪೀಕರುಗಳನ್ನೂ ಕೊಟ್ಟುಹೋದರು. ರಿಸೀವರ್ ಅಂದರೆ ಮತ್ತೇನಲ್ಲ, ಸಿನಿಮಾದ ಸದ್ದನ್ನು ಒಳಗೆ ತೆಗೆದುಕೊಂಡು ಸ್ಪೀಕರುಗಳಿಗೆ ಪಾಲು ಮಾಡಿ ಬಡಿಸುವ ಕರೀ ಡಬ್ಬ. ಐದು ಸ್ಪೀಕರು ಸಣ್ಣವು. ಆರನೆಯದು ಮಾತ್ರ ಧಡೂತಿ. ಮಾತು, ಹಾಡು ಅದಕ್ಕೆ ಬಾರದು, ಬರೀ ಗುಡುಗುವುದು ಗೊತ್ತು. ಇವಿಷ್ಟಕ್ಕೂ ಸದ್ದು ಕೊಡಲು ಒಂದು ಬ್ಲೂ-ರೇ ಪ್ಲೇಯರ್ ಬೇಕು ಎಂದು ಸಾಹೇಬರು ಹೇಳಿದ್ದರಂತೆ. ಡಿವಿಡಿಯ ಶ್ರೀಮಂತ ತಂಗಿ ಅಂತಿಟ್ಟುಕೊಳ್ಳಿ.

ಇಡೀ ವಾಡಿಯೇ ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಏಕೆಂದರೆ ಮಾಮಿಗೆ ಕಿವಿ ಕೇಳಿಸುವುದಿಲ್ಲ! ನಾಲ್ಕು ವರ್ಷದಲ್ಲಿ ಸ್ವಲ್ಪಸ್ವಲ್ಪವೇ ಕಡಿಮೆಯಾಗಿ ಪೂರ್ತಿ ಹೋಯಿತು. ಕಿವಿಯ ಮಷೀನ್ ಕೊಡಿಸಿದ್ದೂ ಆಯಿತು. ಮಾಮಿ ಅದನ್ನು ಒಂದು ವಾರ ಹಾಕಿಕೊಂಡು ಸಾಸಿವೆ ಡಬ್ಬಿಯಲ್ಲಿ ಇಟ್ಟುಬಿಟ್ಟಳು. "ಬರೇ ಸೀಟಿ ಹೊಡೀತದ. ನಾ ಏನ್ ಸ್ಟೇಷನ್ನಾಗ ಇದ್ದೀನೇನು?" ಅಂದಳು. ಮನೆಯಿಂದ ಸ್ಟೇಷನ್ನಿಗೆ ಇರುವುದು ನೂರು ಹೆಜ್ಜೆ! ವಿಚಿತ್ರವೆಂದರೆ, ಕಿವಿ ಹೋದ ಮೇಲೂ ಗಾಡಿ ಬಂದದ್ದನ್ನು ನಮಗಿಂತ ಮೊದಲು ಹೇಳುವವಳು ಅವಳೇ. "ಪ್ಯಾಸೆಂಜರ್ ಬಂತು, ಅಕ್ಕಿ ಇಡ್ತೀನಿ" ಎನ್ನುತ್ತಾಳೆ. ಗಡಿಯಾರ ನೋಡಿ ಹೇಳುತ್ತಾಳೆಂದು ನಾವೆಲ್ಲ ತಿಳಿದಿದ್ದೆವು.

ಮೊದಲೆಲ್ಲ ಇಬ್ಬರೂ ಪ್ರತಿ ರವಿವಾರ ಶಹಾಬಾದಿಗೆ ಹೋಗಿ ಸಿನಿಮಾ ನೋಡಿ ಬರುತ್ತಿದ್ದರು. ಚಿತ್ರ ಒಳ್ಳೆಯದೋ ಕೆಟ್ಟದ್ದೋ, ಕೇಳುವವರೇ ಅಲ್ಲ. ಕಿವಿ ಹೋದ ಮೇಲೆ ಮಾಮಿ ನಿಲ್ಲಿಸಿದಳು. ಮನೆಯ ಟಿವಿ ಮುಂದೆಯೂ ಕೂಡಲಿಲ್ಲ. "ಬಾಯಿ ಅಳ್ಳಾಡ್ತಾವ, ಮಾತ್ ಬರಂಗಿಲ್ಲ. ನೀರಾಗಿನ ಮೀನಾ ನೋಡ್ದಂಗ ಆಗ್ತದ" ಎಂದು ಅಡುಗೆಮನೆಗೆ ಎದ್ದುಹೋದವಳು ಅಲ್ಲೇ ಉಳಿದಳು. ಟಿವಿಗೆ ಬೆನ್ನು ಹಾಕಿ ಕೂತು ಕಾಯಿಪಲ್ಯ ಹೆಚ್ಚುತ್ತಾಳೆ. ಮಾಮಾ ಒಬ್ಬನೇ ಕೂತು ಹತ್ತು ನಿಮಿಷ ನೋಡಿ ಆರಿಸಿಬಿಡುತ್ತಿದ್ದ. ಅವಳಿಗೆ ಏನಾದರೂ ಹೇಳಬೇಕಾದರೆ ಅಡುಗೆಮನೆಯ ನೆಲದ ಮೇಲೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಬರೆಯುತ್ತಾನೆ. ನಮ್ಮ ಕಡೆ ಮನೆಗಳೆಲ್ಲ ಶಹಾಬಾದ್ ಕಲ್ಲಿನ ಫರ್ಸಿಯವೇ ಅಲ್ಲವೇ, ಬರೆಯಲು ಶಾಲೆಯ ಪಾಟಿಯ ಹಾಗೆ ಇರುತ್ತದೆ. ಬಹುತೇಕ ದಿನ ಅಲ್ಲಿ ಇರುತ್ತಿದ್ದದ್ದು "ಚಹಾ" ಎಂಬ ಒಂದೇ ಶಬ್ದ.

ಅಂಥ ಮನೆಯಲ್ಲಿ ಆರು ಸ್ಪೀಕರ್! ಸಾಲದ್ದಕ್ಕೆ ಮಾಮಾ ನಡುಮನೆಯ ಜಮಖಾನ ಸುತ್ತಿ ಅಟ್ಟಕ್ಕೆ ಹಾಕಿದ. ಮಾಮಿಯ ಬೆತ್ತದ ಕುರ್ಚಿಯನ್ನು ಹೊರಗಿನ ಕಟ್ಟೆಗೆ ಸಾಗಿಸಿದ. ಧಡೂತಿ ಪೆಟ್ಟಿಗೆಯನ್ನು ಬರೀ ಫರ್ಸಿಯ ಮೇಲೆ ಕೂಡಿಸಿದ. ಚಿತ್ತಾಪುರದಿಂದ ನೋಡಲು ಹೋದ ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಶಾಲೆಯ ಮಾಸ್ತರಿಣಿ, ನನ್ನ ಬಾಯಿಗೆ ಬೀಗವಿಲ್ಲ.

"ಮಾಮಾ, ನಿನಗ ಜರಾನೂ ಕರುಳಿಲ್ಲೇನು? ಆಕಿಗೆ ಕೇಳ್ಸಂಗಿಲ್ಲ. ನೀ ಒಬ್ಬಾವನೇ ಕೂತು ಮಜಾ ಮಾಡಾಂವಾ?"

"ಹೌದು. ನನಗೇ ಬೇಕು" ಎಂದು ಹೇಳಿ, ಮಾಮಾ ರಿಸೀವರಿನ ಧೂಳು ಒರೆಸುತ್ತ ಕೂತ.

ನನ್ನ ಸಿಟ್ಟು ಏನೇ ಇರಲಿ, ಕನ್ಯಾ ನೋಡಲು ಹೆಣ್ಣುಮಗಳೊಬ್ಬಳು ಜೊತೆಗೆ ಬೇಕೆಂದು ಅವನು ಹಟ ಹಿಡಿದ. ಮೊದಲು ಸೇಡಂ. ರಿಸೀವರನ್ನು ತನ್ನ ನಿವೃತ್ತಿಯ ದಿನ ಹೊದಿಸಿದ್ದ ಶಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂಡಿಸಿದ. ನಾನು ನಿಂತುಕೊಂಡೇ ಹೋದೆ! ಅಂಗಡಿಯವನು ಕಪಾಟಿನ ಮೂಲೆಯಿಂದ ಒಂದು ಬ್ಲೂ-ರೇ ಪ್ಲೇಯರ್ ತೆಗೆದು, ಧೂಳು ಊದಿ, ಮುಂದಿಟ್ಟ.

"ಹಿಂದಕ್ಕ ತಿರಗಸ್ರಿ" ಅಂದ ಮಾಮಾ.

"ಮುಂದ ನೋಡ್ರಲ್ರೀ ಸಾಹೇಬ್ರ, ಎಷ್ಟ್ ಛಂದ ಅದ!"

"ಮಾರಿ ತಗೊಂಡು ಏನ್ ಮಾಡ್ಲಿ? ಹಿಂದಕ್ಕ ತಿರಗಸ್ರಿ."

ಹಿಂದೆ ಎರಡೇ ಸಾಕೆಟ್ ಇದ್ದವು. ಮಾಮಾನ ರಿಸೀವರ್ ಹಳೇ ಕಾಲದ್ದು. ಈಗಿನ ಪ್ಲೇಯರುಗಳು ಒಂದೇ ದಪ್ಪ ವೈರಿನಲ್ಲಿ ಎಲ್ಲ ಸದ್ದನ್ನೂ ಕಳಿಸುತ್ತವೆ. ಇದಕ್ಕೆ ಆ ವಿದ್ಯೆ ಗೊತ್ತಿಲ್ಲ. ಇದಕ್ಕೆ ಆರು ಸದ್ದನ್ನು ಆರು ಬೇರೆ ಬೇರೆ ವೈರಿನಲ್ಲಿ ಕೊಡಬೇಕು. ಅಂದರೆ ಪ್ಲೇಯರಿನ ಬೆನ್ನಿಗೂ ಆರು ಸಾಕೆಟ್ ಇರಬೇಕು. "ಆರಕ್ಕ ಆರು ಗುಣ ಕೂಡಬೇಕು, ಒಂದು ಕಮ್ಮಿ ಆದ್ರೂ ನಡ್ಯಂಗಿಲ್ಲ" ಎಂದ ಮಾಮಾ. ನನ್ನನ್ನು ನೋಡಲು ಬಂದಿದ್ದ ಒಂಬತ್ತು ಗಂಡುಗಳೂ ಇಷ್ಟು ತಿರುಗಿಸಿ ಮುರುಗಿಸಿ ನೋಡಿರಲಿಲ್ಲ.

ಅಂಗಡಿಯವನಿಗೆ ಕನಿಕರ ಬಂತು. "ಈಗ ಇವನ್ನ ಯಾರ್ ತಗೋತಾರ್ರಿ? ಎಲ್ಲಾರೂ ಮೊಬೈಲ್ದಾಗ ನೋಡ್ಲಿಕತ್ತಾರ."

"ನಿಮ್ಮ ಮೊಬೈಲಿನಿಂದ ನೆಲಾ ನಡಗ್ತದೇನ್ರಿ?" ಎಂದು ಮಾಮಾ ಕೇಳಿದ. ಅಷ್ಟಕ್ಕೇ ನಿಲ್ಲದೆ ಅಲ್ಲಿ ಹಾಡು ಬಾರಿಸುತ್ತಿದ್ದ ಒಂದು ದೊಡ್ಡ ಸ್ಪೀಕರಿನ ಮುಂದೆ ಚಪ್ಪಲಿ ಕಳಚಿ, ಬರಿಗಾಲಲ್ಲಿ, ಕಣ್ಣು ಮುಚ್ಚಿ ನಿಂತ! ಎರಡು ನಿಮಿಷವಾಯಿತು, ಮೂರು ನಿಮಿಷವಾಯಿತು. ಒಳಗೆ ಬಂದ ಗಿರಾಕಿಯೊಬ್ಬಳು ಇಲ್ಲಿ ಯಾವ ದೇವರಿದೆಯೋ ಎಂದು ತಾನೂ ಚಪ್ಪಲಿ ಬಿಟ್ಟಳು. ಕೊನೆಗೆ ಮಾಮಾ ಕಣ್ಣು ತೆರೆದು, "ಇಲ್ಲಿ ಟೈಲ್ಸ್ ಅದ, ತಿಳ್ಯಂಗಿಲ್ಲ" ಎಂದು ಹೊರಬಿದ್ದ.

ಮುಂದೆ ಶಹಾಬಾದ್. ಅಲ್ಲಿ ರೇಡಿಯೋ, ಟಿವಿ ರಿಪೇರಿಯ ಒಬ್ಬ ಅನುಭವಿ ಉಸ್ತಾದ್ ಇದ್ದರು. ಶಾಲು ಸರಿಸಿ ರಿಸೀವರಿನ ಹೆಸರು ಓದಿದವರೇ, "ಚಿಂತೀನೇ ಬ್ಯಾಡ್ರಿ. ಇದೇ ಕಂಪನಿ ಪ್ಲೇಯರ್ ಹುಡುಕ್ರಿ. ಒಂದೇ ರಿಮೋಟಿನಾಗ ಎರಡೂ ನಡೀತಾವ" ಅಂದರು.

ಮಾಮಾ ಬೆಚ್ಚಿಬಿದ್ದ. "ಒಂದೇ ಕಂಪನೀನಾ? ಛೀ ಛೀ! ಸಗೋತ್ರ ಆಗ್ತದ!"

"ಅಂದ್ರೇನ್ರಿ?"

"ಒಂದೇ ಮೂಲಪುರುಷನ ಮಕ್ಕಳು. ಅಣ್ಣಾ ತಂಗಿ ಇದ್ದಂಗ. ಲಗ್ನಾ ಮಾಡಿಸ್ತೀರೇನು?"

ನನಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. ನಮ್ಮ ಮನೆತನದಲ್ಲಿ ಗೋತ್ರ ನೋಡದೆ ಸಂಬಂಧ ಮಾಡುವುದಿಲ್ಲ, ನಿಜ. ಆದರೆ ಅದು ಪ್ಲಗ್ಗು, ಫ್ಯೂಜುಗಳಿಗೂ ಹತ್ತುತ್ತದೆಂದು ಯಾವ ಆಚಾರ್ಯರು ಹೇಳಿದ್ದಾರೆ? ಉಸ್ತಾದ್ ಮಾತ್ರ ನಗದೆ ಗಂಭೀರವಾಗಿ ತಲೆಯಾಡಿಸಿದರು. "ಸುಲೇಪೇಟದಾಗ ಒಬ್ರು ರಿಟೈರ್ಡ್ ಹೆಡ್ಮಾಸ್ತರ್ ಅದಾರ. ಆರು ಸಾಕೆಟ್ಟಿಂದು ಒಂದು ಅವರ ಹತ್ರ ಇತ್ತು, ನಾನೇ ರಿಪೇರಿ ಮಾಡೇನಿ. ಕಂಪನಿ ಯಾವ್ದೋ ನೆನಪಿಲ್ರಿ" ಎಂದು ಒಂದು ಚೀಟಿ ಬರೆದುಕೊಟ್ಟರು.

ಇಷ್ಟರಲ್ಲಿ ವರ್ಷ ಉರುಳಿತ್ತು. ಸಣ್ಣ ಸ್ಪೀಕರುಗಳಿಗೆ ಮಾಮಿ ತನ್ನ ಪಾಡಿಗೆ ಕೆಲಸ ಕೊಟ್ಟಿದ್ದಳು. ಒಂದು ಹಿತ್ತಲ ಬಾಗಿಲಿಗೆ ಆನಿಕೆ, ಒಂದರ ಮೇಲೆ ಉಪ್ಪಿನಕಾಯಿ ಭರಣಿ, ಮೂರರ ಮೇಲೆ ಸಂಡಿಗೆಯ ಮೊರ. ಧಡೂತಿ ಪೆಟ್ಟಿಗೆಯ ಮೇಲೆ ಮಾತ್ರ ಒಂದು ಲೋಟ ಇಡಲೂ ಮಾಮಾ ಬಿಡುತ್ತಿರಲಿಲ್ಲ. ದೀಪಾವಳಿಗೆ ಸುಣ್ಣ ಬಳಿಸುವ ಮಾತು ಬಂದಾಗ ಮಾಮಿ ಸೊಂಟಕ್ಕೆ ಸೆರಗು ಬಿಗಿದು, ಓಣಿಗೆಲ್ಲ ಕೇಳುವಂತೆ ಹೇಳಿದಳು: "ದೀಪಾವಳಿ ಒಳಗ ಇದರ ಲಗ್ನಾ ಆಗ್ಬೇಕು. ಇಲ್ಲಂದ್ರ ಗುಜರಿಯಂವಗ ಕೊಟ್ಟು, ನನ್ನ ಕುರ್ಚಿ ಒಳಗ ತರ್ತೀನಿ!"

ಮಾಮಾ ಖಡು ತೆಗೆದುಕೊಂಡು ನೆಲದ ಮೇಲೆ "ಆಯ್ತು" ಎಂದು ಬರೆದ. ನನಗಾಗ ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ?

ಎರಡು ಬಸ್ಸು ಬದಲಿಸಿ ಸುಲೇಪೇಟ ಮುಟ್ಟಿದೆವು. ಹೆಡ್ಮಾಸ್ತರರು ತೊಗರಿ ಹೊಲ ನೋಡಿಕೊಂಡು ಆರಾಮಾಗಿದ್ದ ಮನುಷ್ಯ. ಪ್ಲೇಯರನ್ನು ಟ್ರಂಕಿನಿಂದ ತೆಗೆದು, ಕಸೂತಿ ಹಾಕಿದ ವಸ್ತ್ರ ಸರಿಸಿ, ತಾವಾಗಿಯೇ ಬೆನ್ನು ತಿರುಗಿಸಿ ತೋರಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು, ಆರು! ಮಾಮಾನ ಕಣ್ಣಲ್ಲಿ ನೀರು ಬಂತು. ಆಮೇಲೆ ಮುಂದಕ್ಕೆ ತಿರುಗಿಸಿ ಕಂಪನಿಯ ಹೆಸರು ನೋಡಿದ. ರಿಸೀವರಿನದೇ ಕಂಪನಿ!

ಮಾಮಾ ಕಟ್ಟೆಯ ಮೇಲೆ ಕುಸಿದು ಕೂತ. ಸಿಕ್ಕಾಪಟ್ಟೆ ಬೈಯಬೇಕೆಂದು ಬಾಯಿ ತೆರೆದವಳು ಅವನ ಮುಖ ನೋಡಿ ನೀರಿನ ಚೊಂಬು ಮುಂದಿಟ್ಟೆ. ಬರೀ ಒಂದು ಡಬ್ಬಕ್ಕಾಗಿ ಇಷ್ಟು ಸಂಕಟ ಪಡುವ ಮನುಷ್ಯನನ್ನು ನಾನು ನೋಡಿರಲಿಲ್ಲ. ಹೆಡ್ಮಾಸ್ತರರು ವಿಷಯ ಕೇಳಿ ಮೀಸೆ ತೀಡಿಕೊಂಡರು.

"ಸಗೋತ್ರಕ್ಕ ದಾರಿ ಅದ ಅಲ್ರೀ ರಾಯರ. ದತ್ತಕ! ಹುಡಿಗಿನ್ನ ಬ್ಯಾರೆ ಗೋತ್ರದವರಿಗೆ ದತ್ತಕ ಕೊಡೋದು. ಅವರು ತಮ್ಮ ಮಗಳಂತ ಕನ್ಯಾದಾನ ಮಾಡಿ ಕೊಡ್ತಾರ. ಎಷ್ಟ್ ಲಗ್ನಾ ಹಂಗ ಆಗಿಲ್ಲ?"

ಮಾಮಾ ಮೆಲ್ಲಗೆ ತಲೆಯೆತ್ತಿದ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನನಗೆ ಎರಡು ಮಕ್ಕಳು. ಅವು ಬೆಳೆದು ದೊಡ್ಡವಾದವು, ಇನ್ನು ಹಾಯಾಗಿರೋಣ ಅಂದುಕೊಂಡಿದ್ದ ವಯಸ್ಸಿನಲ್ಲಿ ಮೂರನೆಯದು, ಅದೂ ಕರೆಂಟಿನ ಮೇಲೆ ಬದುಕುವ ಮಗಳು!

ಆದರೆ ಹೆಡ್ಮಾಸ್ತರರು ಹೆಣ್ಣಿನ ಕಡೆಯವರು; ಸುಮ್ಮನೆ ಕೊಡುತ್ತಾರೆಯೇ? ಕನ್ನಡಕ ಏರಿಸಿ ವಿಚಾರಣೆ ಶುರು ಮಾಡಿದರು. ವಾಡಿಯಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ? ಸ್ಟೆಬಿಲೈಜರ್ ಇದೆಯೇ? ಸಿಮೆಂಟಿನ ಧೂಳು ಎಷ್ಟು? ಗಂಡು ಬೇಗ ಬಿಸಿಯಾಗುತ್ತದೆಯೋ ಹೇಗೆ? "ಬಿಸಿ ಆಗ್ತದ ಖರೆ, ಆದ್ರ ಜಲ್ದಿ ತಣ್ಣಗಾಗ್ತದ" ಎಂದು ಮಾಮಾ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಬೆಲೆ ಕೇಳಿದರೆ, "ಹೆಣ್ಣು ಮಾರೋ ಮಂದಿ ಅಲ್ರೀ ನಾವು" ಎಂದು ರೇಗಿದರು. ಉಡಿ ತುಂಬಿದ ಹಾಗೆ ಐದು ಸೇರು ತೊಗರಿಬೇಳೆಯನ್ನೂ ಒಂದು ಬ್ಲೂ-ರೇ ಡಿಸ್ಕನ್ನೂ ಜೊತೆಗಿಟ್ಟು ನನ್ನ ಮಡಿಲಿಗೆ ಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರ್ ಮಡಿಲಿನ ಗಂಟು ನೋಡಿ, "ಇದಕ್ಕ ಲಗೇಜ್ ಟಿಕೇಟ್ ತಗೋರಿ" ಅಂದ. ಮಾಮಾ ಸಿಡಿದೆದ್ದ: "ಮಡಿಲ ಕೂಸಿಗೆ ಯಾರರ ಟಿಕೇಟ್ ತಗೀತಾರೇನು?"

ಆ ರಾತ್ರಿ ಮಗಳು ಚಿತ್ತಾಪುರದ ನಮ್ಮ ಮನೆಯಲ್ಲಿ ಉಳಿಯಿತು. ಗೋತ್ರ ಬದಲಾದ ಗುರುತಿಗೆ ನಮ್ಮ ಮಿಕ್ಸರಿನ ಮೇಲಿದ್ದ ಕಂಪನಿಯ ಚೀಟಿ ಕಿತ್ತು ಅದರ ಮುಖಕ್ಕೆ ಅಂಟಿಸಿದೆ. ನಮ್ಮ ಮನೆಯವರು ಚಹಾ ಕುಡಿಯುತ್ತ, "ಥೇಟ್ ನಿನ್ನಂಗೇ ಅದ, ಮಾರಿ ಕಪ್ಪು, ಸಪ್ಪಳ ಜಾಸ್ತಿ" ಅಂದರು. ಅವರಿಗೆ ನಾಲ್ಕು ದಿನ ಚಟ್ನಿ ಸಿಗಲಿಲ್ಲ.

ದೀಪಾವಳಿಗೆ ಮೂರು ದಿನ ಇರುವಾಗ, ಮಧ್ಯಾಹ್ನದ ಊಟ ಮುಗಿಸಿ, ವಾಡಿಯ ನಡುಮನೆಯಲ್ಲಿ ಕನ್ಯಾದಾನ ನಡೆಯಿತು. ನಮ್ಮ ಮನೆಯವರು ಶಾಸ್ತ್ರಕ್ಕೆಂದು ಉದ್ಧರಣೆಯಲ್ಲಿ ನೀರು ಬಿಡಲು ಹೋದಾಗ ಮಾಮಾ "ನೀರು ಬ್ಯಾಡ! ನೀರು ಬ್ಯಾಡ!" ಎಂದು ಚೀರಿ ಅವರ ಕೈ ಹಿಡಿದ. ನಾನು ಉತ್ಸಾಹದಲ್ಲಿ ಹಾಕಿದ ಅಕ್ಷತೆಯ ಕಾಳೊಂದು ರಿಸೀವರಿನ ಜಾಲರಿಯೊಳಗೆ ಬಿದ್ದು ಇಂದಿಗೂ ಗಿಲಗಿಲ ಅನ್ನುತ್ತದೆ. ಸಂಡಿಗೆ, ಭರಣಿ ಎಲ್ಲ ಕೆಳಗಿಳಿದವು. ಆರು ವೈರು ಆರು ಸಾಕೆಟ್ಟಿಗೆ ಕೂಡಿದವು. ಹೆಡ್ಮಾಸ್ತರರ ಡಿಸ್ಕ್ ಒಳಗೆ ಹೋಯಿತು.

ಯಾವುದೋ ಪರದೇಶದ ಸಿನಿಮಾ! ಕೆಳಗೆ ಬರುವ ಅಕ್ಷರಗಳೂ ನಮಗೆ ಬಾರದ ಭಾಷೆಯವು. ಉದ್ದ ಗಡ್ಡದವರು ಏನೋ ಮಾತಾಡಿಕೊಳ್ಳುತ್ತಿದ್ದರು, ಒಂದಕ್ಷರ ತಿಳಿಯಲಿಲ್ಲ. ಸದ್ದು ಮಾತ್ರ ಅದ್ಭುತ. ಪರದೆಯಲ್ಲಿ ಯಾರೋ ಬಾಗಿಲು ತಟ್ಟಿದರೆ ನಮ್ಮ ಮನೆಯವರು ಎದ್ದುಹೋಗಿ ಬಾಗಿಲು ತೆಗೆದು ಬಂದರು. ಮಾಮಿ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ಒಂದು ಸಲವೂ ತಿರುಗಲಿಲ್ಲ. ಆಗ ನೋಡಿದೆ, ಮಾಮಾ ಸಿನಿಮಾ ನೋಡುತ್ತಲೇ ಇಲ್ಲ. ಅವನ ಕಣ್ಣೆಲ್ಲ ಅಡುಗೆಮನೆಯ ಮೇಲೆ.

ಸ್ವಲ್ಪ ಹೊತ್ತಾದ ಮೇಲೆ ಅವನು ಎದ್ದ. ಸಣ್ಣ ಸ್ಪೀಕರುಗಳ ವೈರನ್ನು ಒಂದೊಂದಾಗಿ ಐದನ್ನೂ ಕಿತ್ತ.

"ಏನ್ ಮಾಡ್ಲಿಕತ್ತಿ ಮಾಮಾ! ಹದಿನಾಲ್ಕು ತಿಂಗಳು ಇದಕ್ಕಂತ ತಿರುಗಿದಿಯಲ್ಲೋ!"

"ಇವಕ್ಕಂತ ಎಲ್ಲಿ ತಿರುಗಿದೆ? ನನಗ ಆರನೇದೊಂದೇ ಬೇಕಿತ್ತು. ಅದು ಆರೂ ಇದ್ದಲ್ಲೇ ಇರ್ತದ, ಬಿಡಿ ಸಿಗಂಗಿಲ್ಲ" ಎಂದವನೇ ಧಡೂತಿ ಪೆಟ್ಟಿಗೆಯ ತಿರುವುಗುಂಡಿಯನ್ನು ಪೂರ್ತಿ ತಿರುಗಿಸಿದ.

ಗೂಡಿನ ಸ್ಟೀಲ್ ಲೋಟಗಳು ಗಣಗಣ ಅಂದವು. ನಡುಮನೆಯಿಂದ ಅಡುಗೆಮನೆಯವರೆಗೂ ಹಾಸಿದ್ದ ಒಂದೇ ಫರ್ಸಿ ಗುಂಯ್ ಎಂದು ನಡುಗತೊಡಗಿತು. ಮಾಮಿಯ ಕೈಯೊಳಗಿನ ಚಾಕು ನಿಂತಿತು. ಅವಳು ತನ್ನ ಪಾದಗಳನ್ನು ನೋಡಿಕೊಂಡಳು. ಅಂಗೈಯನ್ನು ನೆಲಕ್ಕೆ ಊರಿದಳು.

"ರೀ, ಇದ್ಯಾವ ಗಾಡಿರೀ? ಈ ಹೊತ್ತಿನಾಗ ಯಾವ ಗಾಡಿನೂ ಇಲ್ಲಲ್ಲ!" ಎನ್ನುತ್ತ ಎದ್ದು ನಡುಮನೆಗೆ ಬಂದಳು. ಮಾಮಾ ಮೊಣಕಾಲೂರಿ ನೆಲದ ಮೇಲೆ ಖಡುವಿನಿಂದ ಬರೆದ: "ಗಾಡಿ ಅಲ್ಲ, ಸಿನಿಮಾ." ಅದರ ಕೆಳಗೆ ಇನ್ನೊಂದು ಶಬ್ದ: "ಕುಂದ್ರು."

ಮಾಮಿ ಕೂತಳು. ಜಮಖಾನವಿಲ್ಲದ, ಕುರ್ಚಿಯಿಲ್ಲದ ಬರೀ ಕಲ್ಲಿನ ಮೇಲೆ, ಎರಡೂ ಬರಿಗಾಲು ಊರಿ ಕೂತಳು. ಕರುಳಿಲ್ಲೇನು ಎಂದು ನಾನು ಕೇಳಿದ್ದು ಇಂಥವನನ್ನು! ಅಂಗಡಿಗಳಲ್ಲಿ ಚಪ್ಪಲಿ ಬಿಟ್ಟು ನಿಂತದ್ದು, ಕುರ್ಚಿ ಹೊರಗೆ ಹಾಕಿದ್ದು, ಎಲ್ಲ ಒಮ್ಮೆಲೇ ಅರ್ಥವಾಗಿ ನನ್ನ ಮೇಲೇ ನನಗೆ ನಾಚಿಕೆಯಾಯಿತು.

"ತಡೀರಿ" ಎಂದಳು ಮಾಮಿ ಒಮ್ಮೆಲೇ. "ಯಾರೋ ಭಾಳ ಮಂದಿ ಬರ್ಲಿಕತ್ತಾರ. ಮಂದಿ ಅಲ್ಲ... ಕುದರಿ! ಕುದರಿ ಬರ್ಲಿಕತ್ತಾವ ನೋಡ್ರಿ!"

ಪರದೆಯ ಮೇಲೆ ಬರೀ ಬೋಳುಗುಡ್ಡ ಇತ್ತು. ನಾವು ಬಾಯಿ ತೆರೆದು ನೋಡುತ್ತಿದ್ದಂತೆ ಗುಡ್ಡದ ಅಂಚಿನಿಂದ ನೂರಾರು ಕುದುರೆಗಳು ಇಳಿದುಬಂದವು. ಆ ಮನೆಯಲ್ಲಿ ಕಿವಿ ಇದ್ದವರು ಮೂವರು. ಸಿನಿಮಾ ತಿಳಿದದ್ದು ಅವಳೊಬ್ಬಳಿಗೇ. "ಹಿಂದ ಇನ್ನೊಂದು ದಂಡು ಅದ. ಈಗ ಬರ್ತದ" ಎಂದು ನಮಗೆ ಹೇಳಿಕೊಡುತ್ತ ಕೂತಳು. ನಾಲ್ಕು ವರ್ಷದಿಂದ ನೋಡದ ನಗು ಅವಳ ಮುಖದ ಮೇಲಿತ್ತು.

ಆಮೇಲೆ ಗೆದ್ದ ಸೈನಿಕರು ನಗಾರಿ ಬಾರಿಸತೊಡಗಿದರು. ಮಾಮಿಯ ಬಲಗಾಲಿನ ಹೆಬ್ಬೆರಳು ಫರ್ಸಿಯ ಮೇಲೆ ತನ್ನಷ್ಟಕ್ಕೆ ತಾನೇ ತಾಳ ಹಾಕತೊಡಗಿತು. ಮಾಮಾ ಟಿವಿ ಬಿಟ್ಟು ತಲೆ ತಗ್ಗಿಸಿ ಆ ಬೆರಳನ್ನೇ ನೋಡುತ್ತ ಕೂತಿದ್ದ.

"ಮಾಮಾ, ಸಿನಿಮಾ ಅಲ್ಲಿ ಅದ" ಎಂದೆ.

ಅವನು ತಲೆಯೆತ್ತಲಿಲ್ಲ. "ಅವತ್ತ ಸೇಡಂದಾಗ ಆಕಿಗೆ ಹಾಡು ಅಂದ್ರು. ಅಂಜಿ ಹಾಡ್ಲಿಲ್ಲ. ನಾನೂ ಅಂಜಿ ತಲಿ ಕೆಳಗ ಹಾಕಿದ್ದೆ. ಹೊರಗ ಎಲ್ಲೋ ಡೊಳ್ಳು ಬಡೀಲಿಕತ್ತಿದ್ರು. ಈ ಬೆರಳು ಹಿಂಗೇ ತಾಳ ಹಾಕ್ಲಿಕತ್ತಿತ್ತು" ಎಂದ. "ಹದಿನೈದು ನಿಮಿಷ ಇದನ್ನೇ ನೋಡಿದೆ."

ನಾನು ಟಿವಿಯ ಕಡೆ ತಿರುಗಿದೆ. ಕಣ್ಣು ತುಂಬಿ ಕುದುರೆಗಳೆಲ್ಲ ಕಲಸಿಹೋಗಿದ್ದವು.